ಬೆಳಗಾವಿಯ ಒಂದು ದಿನದ ಮೌನ ಪ್ರಾರ್ಥನೆ: ಬೆಳಗಿನ ಹೊತ್ತು ಬಂಗಾರ, ಮಧ್ಯಾಹ್ನ ಸುಧಾರಿಸಬೇಕು

ಬೆಳಗಾವಿ ಕ್ಯಾಂಪ್ ಭಾಗದ ಧ್ಯಾನಮಂದಿರವೊಂದರ ಈ ಶಿಬಿರ ಕನ್ನಡದಲ್ಲೇ ನಡೆಯುತ್ತದೆ. ಕ್ರೈಸ್ತರಲ್ಲದವರೂ ಬರಬಹುದು. ಶುಲ್ಕವಿಲ್ಲ, ಕಾಣಿಕೆ ಪೆಟ್ಟಿಗೆ ಇದೆ.

ಬೆಳಗಿನ ಪಾಠ ಬೈಬಲಿನ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದ ಕೊನೆಯ ಏಳು ವಚನ, ಯೇಸುವಿನಿಂದ ಕಣ್ಣು ಪಡೆದ ಕುರುಡ ಬಾರ್ತಿಮಾಯನ ಪ್ರಸಂಗ. ಅದನ್ನೇ ನಾಲ್ಕು ಸಲ ಓದುತ್ತಾರೆ. ಮೊದಲ ಸಲ ಬರೀ ಕೇಳುವುದು. ಎರಡನೇ ಸಲ ಮನಸ್ಸಿಗೆ ತಾಗಿದ ಮಾತನ್ನು ಮೆಲುಕು ಹಾಕುವುದು. ಮೂರನೇ ಸಲ ಅದನ್ನೇ ದೇವರ ಮುಂದಿಡುವುದು. ನಾಲ್ಕನೆಯದಾದ ಮೇಲೆ ಮಾತು ಬಿಟ್ಟು ಸುಮ್ಮನಿರುವುದು. ಕಾರ್ತೂಸಿಯನ್ ಎಂಬ ಕ್ಯಾಥೊಲಿಕ್ ಪಂಗಡದ 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೊ ಹೇಳಿದ ನಾಲ್ಕು ಮೆಟ್ಟಿಲು ಇವೇ. ಓದುವವರಿಗೆ ಅವಸರವಿಲ್ಲ. ಕುರುಡ ಮೇಲುಹೊದಿಕೆ ಬಿಸಾಕಿ ಎದ್ದ ಎಂಬಲ್ಲಿ ಒಂದು ಉಸಿರು ನಿಲ್ಲುತ್ತಾರೆ. ಕೇಳುವವರ ಎದೆಗೆ ಇಳಿಯುವುದು ಅಲ್ಲೇ.

ಆಮೇಲೆ 20 ನಿಮಿಷ ಮೌನವಾಗಿ ಕೂಡ್ರುವುದು. 1970ರ ದಶಕದಲ್ಲಿ ಅಮೆರಿಕದ ಸ್ಪೆನ್ಸರ್ ಮಠದಲ್ಲಿದ್ದ ಟ್ರ್ಯಾಪಿಸ್ಟ್ ಎಂಬ ಇನ್ನೊಂದು ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳು ರೂಪಿಸಿದ ಕ್ರಮವಿದು. 'ಅಪ್ಪಾ', 'ಯೇಸು' ಥರದ ಸಣ್ಣ ಪದವೊಂದನ್ನು ಮೊದಲೇ ಆರಿಸಿಕೊಳ್ಳಬೇಕು. ನಡುವೆ ಬದಲಿಸಹೋದರೆ ಯಾವ ಪದ ಚಂದ ಅನ್ನುವ ಯೋಚನೆಯಲ್ಲೇ ಹೊತ್ತು ಹೋಗುತ್ತದೆ. ಬಹಳ ಮಂದಿ ಎಡವುವುದು ಇನ್ನೊಂದು ಕಡೆ: ಪದವನ್ನು ಜಪದಂತೆ ಉಸಿರಿಗೊಮ್ಮೆ ಹೇಳುತ್ತಾರೆ. ಯಾವುದೋ ವಿಚಾರದ ಬೆನ್ನು ಹತ್ತಿದ್ದು ಗೊತ್ತಾದಾಗ ಮಾತ್ರ ಪದವನ್ನು ಮೆಲ್ಲಗೆ ನೆನೆದು ಮರಳಬೇಕು; ಮನಸ್ಸು ನಿಂತಿದ್ದರೆ ಪದವೂ ಬೇಡ. ಮನಸ್ಸು ಖಾಲಿ ಮಾಡಲು ಹೆಣಗಿದರೆ ಹಣೆ ಬಿಗಿಯುತ್ತದೆ, ಅಷ್ಟೇ. ಕೃಪೆ ನಾವು ದುಡಿದು ಗಳಿಸುವಂಥದ್ದಲ್ಲ ಎಂಬುದನ್ನು ಇಲ್ಲಿನ ಸಿಸ್ಟರ್ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾರೆಂದರೆ, ಅದೊಂದಕ್ಕೇ ಬರಬಹುದು.

ಮಧ್ಯಾಹ್ನ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಅನ್ನ, ಸಾರು. ಉಂಡ ಅರ್ಧ ತಾಸಿಗೇ ಮತ್ತೆ ಕೂಡ್ರಿಸುತ್ತಾರೆ. ತೂಕಡಿಕೆ ಬಾರದೆ ಇರುತ್ತದೆಯೇ? ಆ ಹೊತ್ತಿಗೆ ಅಂಗಳದಲ್ಲಿ ನಿಧಾನ ನಡಿಗೆ ಇಡಬೇಕು. ಕೊನೆಯ ಗಂಟೆ ಹೊಡೆದ ಕೂಡಲೇ ಪ್ರಕಟಣೆ ಶುರುಮಾಡುವುದೂ ತಪ್ಪು. ಕಣ್ಣು ಮುಚ್ಚಿಕೊಂಡೇ ಎರಡು ನಿಮಿಷ ಇದ್ದು ಏಳುವುದು ಕ್ರಮ. ಇಲ್ಲವಾದರೆ ಕೂಡಿಬಂದ ಶಾಂತಿ ಚಪ್ಪಲಿ ಹುಡುಕುವ ಗದ್ದಲದಲ್ಲೇ ಚೆದುರುತ್ತದೆ.

ಮಳೆಗಾಲದಲ್ಲಿ ನೆಲ ತಣ್ಣಗಿರುತ್ತದೆ, ಕಂಬಳಿ ತನ್ನಿ. ಅದನ್ನು ದಪ್ಪಗೆ ಮಡಚಿ ಕೂತರೆ ಮೊಣಕಾಲು ಸೊಂಟಕ್ಕಿಂತ ಕೆಳಗಿರುತ್ತದೆ, ಕಾಲು ಜೋಮು ಹಿಡಿಯುವುದು ಕಡಿಮೆ. ಕೇಳಿದರೆ ಕುರ್ಚಿಯೂ ಕೊಡುತ್ತಾರೆ. ಮನೆಯಲ್ಲಿ ಸಾವಾಗಿ ಹೆಚ್ಚು ದಿನವಾಗಿರದಿದ್ದರೆ ಮೌನದಲ್ಲಿ ಅಳು ಉಕ್ಕಿ ಬರಬಹುದು; ಅಂಥವರು ಮೊದಲೇ ಸಿಸ್ಟರ್‌ಗೆ ತಿಳಿಸಿದರೆ ಬಾಗಿಲ ಬಳಿಯ ಜಾಗ ಕೊಡುತ್ತಾರೆ, ಬೇಕೆನಿಸಿದಾಗ ಎದ್ದು ಹೊರಗೆ ಹೋಗಬಹುದು.