ತೋಟದ ಆ್ಯಪ್: ಚಂದಾ ಟೂಲೋ, ಕಾಟ್ಲಿನ್ನೋ?

ಕೊಡಗಿನ ಸಿದ್ದಾಪುರದ ಹತ್ತಿರ ಮಾವನ ಕಾಫಿ ತೋಟವಿದೆ. ಕುಯ್ಲಿನಲ್ಲಿ ಯಾರು ಎಷ್ಟು ಕಿಲೋ ಹಣ್ಣು ತಂದರು, ದಿನಕ್ಕೆಷ್ಟು ಮಳೆ ಬಿತ್ತು, ಎಲ್ಲ ಇರುವುದು ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ. ಅದನ್ನು ಫೋನಿಗೆ ತರಲು ಒಂದೇ ಆ್ಯಪ್ಪನ್ನು ಎರಡು ಸಲ ಮಾಡಿದೆ: ಮೊದಲು ತಿಂಗಳ ಚಂದಾ ಕಟ್ಟುವ, ಒಂದೇ ಸಲಕ್ಕೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಕ್ರಾಸ್ ಪ್ಲಾಟ್‌ಫಾರ್ಮ್ ಟೂಲಿನಲ್ಲಿ, ಆಮೇಲೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ ಕಾಟ್ಲಿನ್‌ನಲ್ಲಿ.

ಶುರುವಿಗೆ ಟೂಲೇ ಮುಂದು. ಎರಡು ಸಂಜೆಯಲ್ಲಿ ಹೆಸರು, ತೂಕ, ತಾರೀಕಿನ ಪರದೆ ಸಿದ್ಧ; ಆಂಡ್ರಾಯ್ಡ್‌ಗೂ ಐಫೋನಿಗೂ ಒಂದೇ ಕೆಲಸ. ಕಾಟ್ಲಿನ್‌ನಲ್ಲಿ ಅಷ್ಟಕ್ಕೇ ಎರಡು ವಾರ ಹಿಡಿಯಿತು. ನಾನು ಬರೆದದ್ದು ಆಂಡ್ರಾಯ್ಡ್‌ಗೆ ಮಾತ್ರ; ಐಫೋನಿಗೂ ಅದೇ ರೀತಿ ಬೇಕೆಂದರೆ ಆ್ಯಪಲ್‌ನ ಭಾಷೆ ಸ್ವಿಫ್ಟ್ ಕಲಿತು ಮತ್ತೆ ಮೊದಲಿನಿಂದ ಬರೆಯಬೇಕು, ಮ್ಯಾಕ್ ಕಂಪ್ಯೂಟರ್ ಬೇರೆ ಬೇಕು. ಆ್ಯಪ್ ಸ್ಟೋರಿನ ವರ್ಷದ 99 ಡಾಲರ್, ಪ್ಲೇ ಸ್ಟೋರಿಗೆ ಒಮ್ಮೆ ಕಟ್ಟುವ 25 ಡಾಲರ್ ಯಾವ ದಾರಿ ಹಿಡಿದರೂ ತಪ್ಪದು. ನಮ್ಮಲ್ಲಿ ಐಫೋನ್ ಇರುವುದು ಮಾವನ ಮಗಳೊಬ್ಬಳ ಹತ್ತಿರ, ಅವಳೋ ಬೆಂಗಳೂರಿನಲ್ಲಿ.

ಟೂಲು ಎಡವಿದ್ದು ಮಳೆ ಲೆಕ್ಕದಲ್ಲಿ. ಕೊಡಗಿನ ತೋಟದಲ್ಲಿ ಮಿಲಿಮೀಟರ್ ಅಂದರೆ ಯಾರೂ ಕಿವಿಗೊಡುವುದಿಲ್ಲ. ಇಂಚು, ಸೆಂಟು, 100 ಸೆಂಟಿಗೆ 1 ಇಂಚು. ‘ಒಂದಿಂಚು ಐದು ಸೆಂಟು’ ಎಂದು ರೈಟರ್ 1.5 ಒತ್ತಿದರು. ಆ್ಯಪ್ ಅದನ್ನು ಒಂದೂವರೆ ಇಂಚು ಅಂದುಕೊಂಡಿತು! ಇಂಚಿಗೊಂದು, ಸೆಂಟಿಗೊಂದು ಪೆಟ್ಟಿಗೆ ಇಟ್ಟು, ಒಳಗೆ 105 ಎಂದು ಉಳಿಸಬೇಕು. ಟೂಲಿನ ಸಿದ್ಧ ಪೆಟ್ಟಿಗೆಗಳ ಜೊತೆ ಮೂರು ದಿನ ಗುದ್ದಾಡಿದೆ. ಕಾಟ್ಲಿನ್‌ನಲ್ಲಿ ಹತ್ತಿಪ್ಪತ್ತು ಸಾಲಿಗೆ ಮುಗಿಯಿತು.

ಜೂನ್ ಬಂತು, ನೆಟ್ ಹೋಯಿತು. ಟೂಲಿನ ಎಡಿಟರ್ ಇರುವುದೇ ಬ್ರೌಸರಿನಲ್ಲಿ. ನಾಲ್ಕು ದಿನ ಕೈಕಟ್ಟಿ ಕೂತೆ. ಬೇಕಾದ ಸಿದ್ಧ ಕೋಡಿನ ಲೈಬ್ರರಿಗಳನ್ನು ಮೊದಲೇ ಇಳಿಸಿಕೊಂಡಿದ್ದರೆ, ಕಾಟ್ಲಿನ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ನೆಟ್ ಇಲ್ಲದೆಯೂ ಆ್ಯಪ್ ಕಟ್ಟಿಕೊಡುತ್ತದೆ. ಕರೆಂಟಿಲ್ಲದಾಗ, ಲ್ಯಾಪ್‌ಟಾಪಿನಲ್ಲೇ ಫೋನಿನಂತೆ ಆ್ಯಪ್ ಓಡಿಸಿ ತೋರಿಸುವ ಎಮ್ಯುಲೇಟರ್ ಮಾತ್ರ ಬೇಡ, ಲ್ಯಾಪ್‌ಟಾಪ್ ಬ್ಯಾಟರಿಯನ್ನು ನುಂಗಿಬಿಡುತ್ತದೆ. ಹಳೇ ಫೋನನ್ನು ಕೇಬಲ್‌ಗೆ ಸಿಕ್ಕಿಸಿದರೆ ಸಾಕು.

ಇನ್ನು ಚಂದಾ. ಪ್ಲೇ ಸ್ಟೋರ್ ವರ್ಷವರ್ಷವೂ ಪಟ್ಟು ಬಿಗಿ ಮಾಡುತ್ತದೆ. 2025ರ ಆಗಸ್ಟ್ 31ರಿಂದ ಅಪ್‌ಡೇಟ್ ಹಾಕಲು ಆಂಡ್ರಾಯ್ಡ್ 15ಕ್ಕೆ ಹೊಂದಿಸಿರಬೇಕು ಎಂದಿತು. ನನ್ನ ಟೂಲಿನಲ್ಲಿ ಚಂದಾ ನಿಲ್ಲಿಸಿದರೆ ಸ್ಟೋರಿಗೆ ಹಾಕುವ ಹೊಸ ಬಿಲ್ಡ್ ಇಲ್ಲ. ಹಣ ಬೇಡದ ಟೂಲೂ ಶಾಶ್ವತವೇನಲ್ಲ: ಕಾಸಿಗೆ ಸಿಗುತ್ತಿದ್ದ ಕ್ಸಮರಿನ್ ಎಂಬ ಕ್ರಾಸ್ ಪ್ಲಾಟ್‌ಫಾರ್ಮ್ ಟೂಲನ್ನು ಮೈಕ್ರೋಸಾಫ್ಟ್ 2016ರಲ್ಲಿ ಕೊಂಡು ಪುಕ್ಕಟೆ ಮಾಡಿತು, 2024ರ ಮೇ 1ಕ್ಕೆ ಬೆಂಬಲ ನಿಲ್ಲಿಸಿತು. ಎರಡೂ ಫೋನಿಗೆ ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವುದು ಗೂಗಲ್‌ನ ಪುಕ್ಕಟೆ ಟೂಲು ಫ್ಲಟರ್. ಕೋಡಾದರೂ ನಮ್ಮ ಕೈಯಲ್ಲಿರುತ್ತದೆ.

ಈ ಕುಯ್ಲಿಗೆ ರೈಟರ ಫೋನಿನಲ್ಲಿರುವುದು ಕಾಟ್ಲಿನ್ ಆ್ಯಪ್. ಬೆಂಗಳೂರಿನ ಐಫೋನಿಗೆ ಸಂಜೆ ಅದರ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ.