ಪ್ಲೇರೈಟ್‌ನ ಸ್ಟೋರೇಜ್‌ಸ್ಟೇಟ್: ವರ್ಷಗಟ್ಟಲೆ ಬಳಸಿದ ಮೇಲೆ

ಆಟೊಮೇಶನ್ ಟೆಸ್ಟ್ ಬರೆಯುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಪ್ರತಿ ಟೆಸ್ಟ್‌ನಲ್ಲೂ ಮತ್ತೆ ಮತ್ತೆ ಲಾಗಿನ್ ಆಗಬೇಕು. ಲಾಗಿನ್ ಪೇಜ್ ಸ್ವಲ್ಪ ನಿಧಾನವಾದರೂ ಸಂಬಂಧವೇ ಇಲ್ಲದ ಟೆಸ್ಟ್‌ಗಳು ಸುಮ್ನೆ ಫೇಲ್ ಆಗುತ್ತವೆ. ಬ್ರೌಸರ್ ಟೆಸ್ಟ್ ಓಡಿಸುವ ಪ್ಲೇರೈಟ್ ಎಂಬ ಟೂಲನ್ನು ನಾನು ಬಿಡದೇ ಇರುವುದಕ್ಕೆ ಮುಖ್ಯ ಕಾರಣ, ಲಾಗಿನ್ ಆದ ಸ್ಥಿತಿಯನ್ನು ಉಳಿಸಿಡುವ ಅದರ ಸ್ಟೋರೇಜ್‌ಸ್ಟೇಟ್.

ಒಮ್ಮೆ ಲಾಗಿನ್ ಆದರೆ ಸಾಕು, ಕುಕಿಗಳನ್ನೂ ಲೋಕಲ್‌ಸ್ಟೋರೇಜನ್ನೂ (ಸೈಟ್ ಬ್ರೌಸರ್‌ನಲ್ಲಿ ಇಟ್ಟುಕೊಳ್ಳುವ ಮಾಹಿತಿ) ಒಂದು ಜೇಸನ್ ಫೈಲಿಗೆ ಬರೆದಿಡುತ್ತದೆ. ಪ್ರತಿ ಟೆಸ್ಟ್ ತನ್ನದೇ ಹೊಸ ಕಾಂಟೆಕ್ಸ್ಟ್‌ನಲ್ಲಿ (ಹೊಸದಾಗಿ ತೆರೆದ ಖಾಲಿ ಬ್ರೌಸರ್ ಇದ್ದಂತೆ) ಆ ಫೈಲ್ ಓದಿಕೊಂಡು ನೇರವಾಗಿ ಒಳಗೆ ಹೋಗುತ್ತದೆ. ಅಡ್ಮಿನ್‌ಗೆ ಒಂದು ಫೈಲ್, ಸಾಮಾನ್ಯ ಬಳಕೆದಾರನಿಗೆ ಇನ್ನೊಂದು. ಪ್ಲೇರೈಟ್ 1.31ರಲ್ಲಿ ಪ್ರಾಜೆಕ್ಟ್ ಡಿಪೆಂಡೆನ್ಸಿ (ಒಂದು ಗುಂಪಿನ ಟೆಸ್ಟ್ ಮುಗಿದ ಮೇಲೆಯೇ ಇನ್ನೊಂದು ಗುಂಪು ಓಡುವ ವ್ಯವಸ್ಥೆ) ಬಂದ ಮೇಲೆ ಲಾಗಿನ್ ಹೆಜ್ಜೆಯೂ ರಿಪೋರ್ಟ್‌ನಲ್ಲಿ ಕಾಣುತ್ತದೆ. ಎಲ್ಲಿ ಎಡವಿತು ಎಂದು ಟ್ರೇಸ್ (ಟೆಸ್ಟ್‌ನ ಹೆಜ್ಜೆಹೆಜ್ಜೆಯ ದಾಖಲೆ) ತೆರೆದು ನೋಡಬಹುದು. ಇದು ನನಗೆ ತುಂಬಾ ಇಷ್ಟ.

ಆದರೆ ಫೈಲ್ ಉಳಿಸುವ ಹೊತ್ತು ಮುಖ್ಯ. ಲಾಗಿನ್ ಬಟನ್ ಒತ್ತಿದ ಮೇಲೆ ಎರಡು ಮೂರು ರೀಡೈರೆಕ್ಟ್ ಆಗಬಹುದು, ಕುಕಿಗಳು ಆ ದಾರಿಯಲ್ಲೇ ಸೇರಿಕೊಳ್ಳುತ್ತವೆ. ಡ್ಯಾಶ್‌ಬೋರ್ಡ್‌ನ ಹೆಡಿಂಗ್ ಕಾಣುವವರೆಗೆ ಕಾದು, ಆಮೇಲೆ ಉಳಿಸಿ. ಅವಸರಪಟ್ಟರೆ ಅರ್ಧಂಬರ್ಧ ಸೆಶನ್ (ಲಾಗಿನ್ ಆಗಿರುವ ಸ್ಥಿತಿ) ಸಿಗುತ್ತದೆ, ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಸಾಮಾನ್ಯವಾಗಿ ಫೈಲ್‌ನಲ್ಲಿರುವುದು ಕೀಲಿ ಮಾತ್ರ, ಸೆಶನ್ ಇರುವುದು ಸರ್ವರ್‌ನಲ್ಲಿ. ಲಾಗ್‌ಔಟ್ ಪರೀಕ್ಷಿಸುವ ಟೆಸ್ಟ್ ಅದೇ ಫೈಲ್ ಬಳಸಿದರೆ, ಸರ್ವರ್ ಆ ಸೆಶನ್ನನ್ನೇ ಅಳಿಸಿಬಿಡುತ್ತದೆ. ಪಕ್ಕದಲ್ಲಿ ಓಡುತ್ತಿದ್ದ ಟೆಸ್ಟ್‌ಗಳೆಲ್ಲ ಲಾಗಿನ್ ಪೇಜ್‌ಗೆ ಬಂದು ಬೀಳುತ್ತವೆ. ಹಾಗಾಗಿ ಲಾಗ್‌ಔಟ್, ಪಾಸ್‌ವರ್ಡ್ ಬದಲಾವಣೆಯಂಥ ಟೆಸ್ಟ್‌ಗಳಿಗೆ ಬೇರೆ ಅಕೌಂಟ್ ಇಡಲೇಬೇಕು. ಪ್ರೊಫೈಲ್, ಸೆಟ್ಟಿಂಗ್ಸ್ ತಿದ್ದುವ ಟೆಸ್ಟ್‌ಗಳು ಜಾಸ್ತಿ ಇದ್ದರೆ ಪ್ರತಿ ವರ್ಕರ್‌ಗೂ (ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸುವ ಪ್ರೊಸೆಸ್) ಒಂದೊಂದು ಅಕೌಂಟ್ ಕೊಡಿ. ವರ್ಕರ್‌ನ ಸಂಖ್ಯೆಯಾದ ಪ್ಯಾರಲಲ್‌ಇಂಡೆಕ್ಸ್ ನೋಡಿ ಯಾವ ಅಕೌಂಟ್ ಎಂದು ಆರಿಸಿದರೆ ಆಯಿತು. ಶುರುವಿನಲ್ಲಿ ಕೆಲಸ ಜಾಸ್ತಿಯಾದರೂ ನಾನು ಇದನ್ನೇ ಒತ್ತಿ ಹೇಳುತ್ತೇನೆ.

ಟ್ಯಾಬ್ ಮುಚ್ಚಿದರೆ ಅಳಿಯುವ ಸೆಶನ್‌ಸ್ಟೋರೇಜ್ ಮಾತ್ರ ಈ ಫೈಲಿಗೆ ಸೇರುವುದಿಲ್ಲ. ಲಾಗಿನ್ ಟೋಕನ್ ಅಲ್ಲಿಡುವ ಆ್ಯಪ್ ಆದರೆ, ಅದನ್ನು ಪೇಜ್ ಶುರುವಾಗುವ ಮೊದಲೇ ತುಂಬುವ ಇನಿಟ್ ಸ್ಕ್ರಿಪ್ಟ್ ನೀವೇ ಬರೆಯಬೇಕು. ಬ್ರೌಸರ್ ಒಳಗಿನ ಡೇಟಾಬೇಸ್ ಆದ ಇಂಡೆಕ್ಸ್‌ಡ್‌ಡಿಬಿಯನ್ನೂ ಉಳಿಸಲು 1.51ರಿಂದ ಒಂದು ಆಯ್ಕೆ ಇದೆ, ನಾವೇ ಆನ್ ಮಾಡಬೇಕು. ಟೋಕನ್ ಅಲ್ಲಿಡುವ ಫೈರ್‌ಬೇಸ್ (ಗೂಗಲ್‌ನ ಸೇವೆ) ಲಾಗಿನ್ ಇದ್ದವರಿಗೆ ಅದು ವರ.

ಆ ಜೇಸನ್ ಫೈಲ್ ಯಾರ ಕೈಗೆ ಸಿಕ್ಕರೂ ನಿಮ್ಮ ಟೆಸ್ಟ್ ಅಕೌಂಟ್‌ಗೆ ಪಾಸ್‌ವರ್ಡ್ ಇಲ್ಲದೆ ನುಗ್ಗಬಹುದು, ಅಲ್ವಾ? ಮೊದಲ ದಿನವೇ ಆ ಫೈಲ್ ಇರುವ ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ (ಕೋಡ್ ಜೊತೆ ಗಿಟ್‌ಗೆ ಹೋಗಬಾರದವುಗಳ ಪಟ್ಟಿ) ಸೇರಿಸಿ.