ಮೂರು ವರ್ಷ ಬಳಸಿದ ಹಳದಿ ಮಲ್ಟಿಮೀಟರ್, ಮತ್ತೆ ಅದಕ್ಕೆ ಬುದ್ಧಿ ಕಲಿಸಿದ ಒಂದು ಬಲ್ಬ್

ಉಡುಪಿ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯಲ್ಲಿ 280 ರೂಪಾಯಿ ಕೊಟ್ಟು ತಗೊಂಡ, ಕರೆಂಟ್ ಪರೀಕ್ಷೆ ಮಾಡುವ ಮೀಟರ್ ಇದು. ಎಲ್ಲರೂ ನೋಡಿರುವ ಅದೇ ಹಳದಿ 830 ಮಾದರಿ. ಏನೇನು ಅಳೆಯುತ್ತದೆ ಅಂತ ಬರೆಯುವುದಿಲ್ಲ, ಡಬ್ಬದ ಮೇಲೆ ಉಂಟು. ಅದು ನನ್ನನ್ನು ಎಂಟು ತಿಂಗಳು ಆಟ ಆಡಿಸಿತಲ್ಲ, ಅದನ್ನು ಮಾತ್ರ ಹೇಳುತ್ತೇನೆ.

ನನ್ನದು 2003ರ ಡೀಸೆಲ್ ಟೆಂಪೋ. ಕಂಪನಿ ಹೆಸರು ಬೇಡ, ಗಾಡಿಯದ್ದು ತಪ್ಪಿಲ್ಲ. ಮಲ್ಪೆ ಬಂದರಿನಲ್ಲಿ ಬಂಗುಡೆ, ಬೂತಾಯಿ ಮೀನು ತುಂಬಿಸಿ ಮಂಗಳೂರಿಗೆ ಹೋಗುವುದು ದಿನದ ಕೆಲಸ. ಒಂದು ಬೆಳಿಗ್ಗೆ ಉದ್ಯಾವರ ಸೇತುವೆ ಮೇಲೆ ಇಂಜಿನ್ ಆಫ್. ಕೆಮ್ಮಲಿಲ್ಲ, ಎಳೆದಾಡಲಿಲ್ಲ, ಯಾರೋ ಕೀ ತಿರುಗಿಸಿದ ಹಾಗೆ ನಿಂತಿತು. ಎರಡು ನಿಮಿಷ ಬಿಟ್ಟು ನೋಡಿದರೆ ಏನೂ ಆಗದವರ ಹಾಗೆ ಸ್ಟಾರ್ಟ್. ಆಮೇಲೆ ಹದಿನೈದು ದಿನ ಸುಮ್ಮನಿದ್ದು ಪಡುಬಿದ್ರಿಯಲ್ಲಿ ಮತ್ತೆ ಅದೇ ಕತೆ, ಹಿಂದೆ ಬಸ್ಸಿನವರ ಹಾರ್ನ್, ಗಾಡಿಯಲ್ಲಿ ಕರಗುತ್ತಿರುವ ಐಸು. ಗ್ಯಾರೇಜಿಗೆ ಕೊಂಡುಹೋದರೆ ಮಾತ್ರ ದಿನವಿಡೀ ನಿಲ್ಲದೆ ಓಡುತ್ತದೆ ಮಾರಾಯ್ರೆ!

ಡೀಸೆಲ್ ಫಿಲ್ಟರ್ ಬದಲಾಯಿಸಿದರು, ಪೈಪಿನ ಏರ್ ತೆಗೆದರು, ಕೊನೆಗೆ ಡೀಸೆಲ್ ಪಂಪ್ ಬಿಚ್ಚಬೇಕು ಅಂದರು. ನಾನು ಒಪ್ಪಲಿಲ್ಲ. ಡೀಸೆಲ್ ಸಿಗದೆ ನಿಲ್ಲುವ ಇಂಜಿನ್ ಸಾಮಾನ್ಯವಾಗಿ ಒದ್ದಾಡಿ ನಿಲ್ಲುತ್ತದೆ, ಇದು ಒಂದೇ ಏಟಿಗೆ ನಿಲ್ಲುತ್ತಿತ್ತು. ಇಂಥ ಹಳೇ ಇಂಜಿನಿಗೆ ಕಂಪ್ಯೂಟರ್ ಇಲ್ಲ, ಸ್ಪಾರ್ಕ್ ಬೇಡ. ಒಮ್ಮೆ ಓಡಲು ಶುರುವಾದರೆ ಅದಕ್ಕೆ ಬೇಕಾದ ಕರೆಂಟ್ ಒಂದೇ ಒಂದು ಕಡೆಗೆ, ಪಂಪಿನ ಮೇಲಿರುವ ಸಣ್ಣ ಸೊಲೆನಾಯ್ಡಿಗೆ. ಕೀ ಆನ್ ಮಾಡಿದಾಗ 12 ವೋಲ್ಟ್ ಬಂದರೆ ಅದು ಟಕ್ ಅಂತ ಡೀಸೆಲ್ ದಾರಿ ಬಿಡುತ್ತದೆ, ಕರೆಂಟ್ ತಪ್ಪಿದರೆ ಒಳಗಿನ ಸ್ಪ್ರಿಂಗ್ ಆ ದಾರಿ ಮುಚ್ಚುತ್ತದೆ.

ಅದಕ್ಕೇ ಮೀಟರ್ ತಂದದ್ದು. ಬೆಳಿಗ್ಗೆ ನಾಲ್ಕೂವರೆಗೆ ಅಂಗಳದಲ್ಲಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು (ಮೀಟರಿನಲ್ಲಿ ಲೈಟ್ ಇಲ್ಲ), ಬ್ಯಾಟರಿಗೆ ಮುಟ್ಟಿಸಿ 12.6 ನೋಡುವುದು, ಕೀ ಆನ್ ಮಾಡಿ ಆ ಟಕ್ ಕೇಳುವುದು, ಸ್ಟಾರ್ಟ್ ಮಾಡಿ 14.1 ಬಂತಾ, ಅಂದರೆ ಬ್ಯಾಟರಿ ಚಾರ್ಜ್ ಆಗುತ್ತಿದೆಯಾ ಅಂತ ನೋಡುವುದು, ಆಮೇಲೆ ಬೈರಾಸಿನಲ್ಲಿ ಸುತ್ತಿ ಹಳೇ ಚಕ್ಕುಲಿ ಡಬ್ಬಕ್ಕೆ ಹಾಕುವುದು. ಚಾ ಆಮೇಲೆ. ಹೆಂಡತಿ ಇದಕ್ಕೆ ಟೆಂಪೋ ಪೂಜೆ ಅಂತ ಹೆಸರಿಟ್ಟಿದ್ದಾಳೆ. ಆ ದಿನಗಳಲ್ಲಿ ಕೇಳಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಆದರೆ ಗಾಡಿ ನಿಲ್ಲುವುದು ನಿಲ್ಲಲಿಲ್ಲ. ಸೊಲೆನಾಯ್ಡಿನ ವಯರ್ ಕಳಚಿ ಅದರ ತುದಿಗೆ ಮೀಟರ್ ಇಟ್ಟರೆ ಯಾವಾಗ ನೋಡಿದರೂ 12.4. ವಯರ್ ಸರಿ ಉಂಟು ಅಂತ ಇದು ಹೇಳಿದ್ದನ್ನು ನಂಬಿ ಹೊಸ ಸೊಲೆನಾಯ್ಡ್ ಹಾಕಿಸಿದೆ. ನಾಲ್ಕನೇ ದಿನ ಕೂಳೂರು ಸೇತುವೆ ಮೇಲೆ ಮತ್ತೆ ನಿಂತೆ. ಮೀಟರನ್ನು ಹೊಳೆಗೆ ಬಿಸಾಡುವಷ್ಟು ಸಿಟ್ಟು ಬಂದಿತ್ತು.

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಬೋಟು ಹೋಗುವುದಿಲ್ಲ ಅಲ್ವಾ, ಆ 61 ದಿನ ನನಗೂ ಹೆಚ್ಚು ಕೆಲಸ ಇಲ್ಲ. ಆಗ ಆದಿ ಉಡುಪಿಯ ಒಬ್ಬರು ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ನನ್ನ ಮೀಟರ್ ನೋಡಿ ನಕ್ಕರು. "ಇದಕ್ಕೆ ಹಸಿವಿಲ್ಲ. ಹಸಿವು ಇರುವುದನ್ನು ಕೂರಿಸಿ ನೋಡು" ಅಂತ ಎರಡು ವಯರ್ ಬೆಸೆದ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಕೊಟ್ಟರು. ಕಳಚಿದ ವಯರಿಗೆ ಅದನ್ನು ಸಿಕ್ಕಿಸಿದರೆ ಉರಿದದ್ದು ಬೀಡಿ ತುದಿಯಷ್ಟು ಕೆಂಪು, ಅಷ್ಟೇ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ, ಒಂದು ಎಳೆ ತಂತಿ ಉಳಿದಿದ್ದರೂ ಅದಕ್ಕೆ ಸಾಕು, 12.4 ತೋರಿಸುತ್ತದೆ. ಬಲ್ಬಿಗೆ ಪೌಣೆ ಎರಡು ಆಂಪಿಯರ್ ಬೇಕು, ಅದನ್ನು ಮೋಸ ಮಾಡಲು ಆಗುವುದಿಲ್ಲ.

ಇಲ್ಲಿಂದ ಮೀಟರ್ ಮೇಲಿನ ಸಿಟ್ಟು ಇಳಿಯಿತು. ಬಲ್ಬ್ ಉರಿಯುತ್ತಿರುವಾಗಲೇ ಬ್ಯಾಟರಿ ಕಡೆಯಿಂದ ಒಂದೊಂದೇ ಜಾಗ ಮೀಟರಿನಲ್ಲಿ ಅಳೆಯುತ್ತಾ ಬಂದೆವು. ಫ್ಯೂಸಿನಲ್ಲಿ 12.2, ಕೀ ಸ್ವಿಚ್ಚಿನ ಆಚೆ 12.1. ಕ್ಯಾಬಿನ್ ಅಡಿಯ ಕ್ಲಿಪ್ ದಾಟಿದ ಕೂಡಲೇ 7. ಕ್ಲಿಪ್ ಹತ್ತಿರ ವಯರನ್ನು ಅಲ್ಲಾಡಿಸಿದರೆ ಬಲ್ಬ್ ಕಣ್ಣು ಹೊಡೆಯುತ್ತಿತ್ತು. ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಇತ್ತು, ಒಂದು ಸಣ್ಣ ಉಜ್ಜಿದ ಗುರುತು ಬಿಟ್ಟರೆ. ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರವೇ ಕಾಣಲಿಲ್ಲ, ಹಸಿರು ಕಿಲುಬು ಹುಡಿಹುಡಿಯಾಗಿ ಕೈಗೆ ಬಂತು, ನಡುವೆ ಎರಡೋ ಮೂರೋ ಎಳೆ. ಬಂದರಿನ ಉಪ್ಪುನೀರು, ಮೀನಿನ ನೀರು ಇಷ್ಟು ವರ್ಷ ಅಡಿಯಿಂದ ಎರಚಿ ಎರಚಿ ಆದದ್ದು. ಒಂದೂವರೆ ಮೀಟರ್ ಹೊಸ ವಯರ್ ಹಾಕಿದೆವು. ವಯರಿಗೆ ನೂರು ರೂಪಾಯಿಯೂ ಆಗಲಿಲ್ಲ. ಪಂಪ್ ಬಿಚ್ಚಿಸಿದ್ದರೆ ಸಾವಿರಗಳ ಲೆಕ್ಕ.

ಅವರೇ ಇನ್ನೊಂದು ಮಾಡಿಕೊಟ್ಟರು. ಸೊಲೆನಾಯ್ಡಿನ ತುದಿಯಿಂದ ವಯರ್ ಎಳೆದು ಸ್ಟಿಯರಿಂಗ್ ಪಕ್ಕ ಒಂದು ಸಣ್ಣ ದೀಪ. ಗಾಡಿ ನಿಂತ ಕ್ಷಣ ದೀಪ ಆರಿದರೆ ವಯರಿನ ಕಡೆ ನೋಡು, ಉರಿಯುತ್ತಿದ್ದರೆ ಡೀಸೆಲ್ ಕಡೆ. ಕಳೆದ ಮಳೆಗಾಲ ಮುಗಿಯುವಾಗ ಮೂಲ್ಕಿಯಲ್ಲಿ ಒಮ್ಮೆ ನಿಂತಿತು, ದೀಪ ಉರಿಯುತ್ತಲೇ ಇತ್ತು. ಫಿಲ್ಟರ್ ಅಡಿಯ ಸ್ಕ್ರೂ ಬಿಚ್ಚಿದರೆ ಅರ್ಧ ಲೋಟ ನೀರು. ಹತ್ತು ನಿಮಿಷದಲ್ಲಿ ಹೊರಟೆ.

ಈಗ ಮೀಟರಿಗೆ ಮೂರೂವರೆ ಸ್ಟಾರ್. ಆಫ್ ಮಾಡಲು ಮರೆತು 9 ವೋಲ್ಟಿನ ಸೆಲ್ ಎರಡು ಸಲ ಸತ್ತಿತು, ಅದು ನನ್ನದೇ ತಪ್ಪು. ಕೆಂಪು ವಯರನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ಬ್ಯಾಟರಿಗೆ ಮುಟ್ಟಿಸಬೇಡಿ, ನೇರ ಶಾರ್ಟ್ ಆಗುತ್ತದೆ. ಮೀಟರಿನ ವಯರುಗಳು ಮಾತ್ರ ತೀರಾ ಕಳಪೆ, ಕಡ್ಡಿಯ ಕುತ್ತಿಗೆ ಹತ್ತಿರ ತುಂಡಾಗಿ ಈಗ ಟೇಪಿನಲ್ಲಿ ನಿಂತಿವೆ. ಒಳ್ಳೆಯ ಜೋಡಿ ಉಡುಪಿ ಕಡೆ ಎಲ್ಲಿ ಸಿಗುತ್ತದೆ ಗೊತ್ತಿದ್ದರೆ ಹೇಳಿ, ಒಂದು ಕಡೆ 250 ಕೇಳಿದರು, ಮೀಟರೇ 280!